ನಡುನೀರಿನಲ್ಲಿ ನಿಲ್ಲುವ ಹಡಗುಗಳು

ಅವರನ್ನು ಮೊದಲ ಸಲ ನೋಡಿದ ದಿನ ಜಿಟಿಜಿಟಿ ಮಳೆ ಹಿಡಿದಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಅದನ್ನು ಬರೆಯಲು ಕೂತಾಗ ಕೈ ತಡೆಯುತ್ತದೆ. ಸಿಂಧನೂರಿನ ಕಾಲೇಜಿಗೆ ಇತಿಹಾಸದ ಅಧ್ಯಾಪಕನಾಗಿ ನಾನು ಸೇರಿದ್ದು ಬೇಸಿಗೆಯ ಕೊನೆಗೆ. ಆ ತಿಂಗಳು ಅಲ್ಲಿಗೆ ಹತ್ತಿರದ ನಮ್ಮೂರು ಪಾಮನಕಲ್ಲೂರಿನಲ್ಲಿ ಒಂದು ಹನಿಯೂ ಬಿದ್ದಿಲ್ಲವೆಂದು ಅಣ್ಣ ಬರೆದ ಕಾಗದ ಇನ್ನೂ ನನ್ನ ಹತ್ತಿರ ಇದೆ. ಪಾಮನಕಲ್ಲೂರಿನಲ್ಲಿ ಇಲ್ಲದ ಮಳೆ ಸಿಂಧನೂರಿನಲ್ಲಿ ಮಾತ್ರ ಹೇಗೆ ಹಿಡಿದೀತು? ಹಾಗಾದರೆ ನನ್ನ ನೆನಪಿನಲ್ಲಿ ಒದ್ದೆಯಾಗಿ ಉಳಿದಿರುವುದು ಯಾವುದು? ಮೀನಿನ ಕಟ್ಟೆಗೆ ಅವರು ಸುರಿದ ನೀರೇ ಇರಬೇಕು. ಅದೂ ಖಚಿತವಿಲ್ಲ.

ಅವರ ಬಗ್ಗೆ ನನಗೆ ತಿಳಿದಿರುವುದೆಲ್ಲ ಅವರೇ ಹೇಳಿದ್ದು, ನಾನು ನಂಬದೆ ಕೇಳಿದ್ದು. ನಂಬದೆ ಕೇಳಿದ ಮಾತು ತಲೆಯಲ್ಲಿ ಸರಿಯಾಗಿ ಕೂಡುವುದಿಲ್ಲ. ಅವರು ಹೇಳುತ್ತಿದ್ದಾಗ ನಾನು ಮುಂದಿನ ಪ್ರಶ್ನೆಯನ್ನು ಮಸೆಯುತ್ತಿರುತ್ತಿದ್ದೆ. ಆದ್ದರಿಂದ ಇಲ್ಲಿ ಬರುವ ಮಾತುಗಳಲ್ಲಿ ಒಂದೆರಡು ಹಿಂದುಮುಂದಾಗಿರಬಹುದು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಪೇಟೆಯಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಎಲ್ಲರಿಗೂ ಅವರು 'ಬಂಗಾಲಿ'. ನಾನು 'ದಾದಾ' ಎನ್ನುತ್ತಿದ್ದೆ.

ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆಂದು ಸರಕಾರ ಸಿಂಧನೂರಿನ ಹತ್ತಿರ ಕಟ್ಟಿಸಿಕೊಟ್ಟ ಆರ್.ಎಚ್. ಕ್ಯಾಂಪುಗಳಲ್ಲಿ ಒಂದರಲ್ಲಿ ಅವರ ಮನೆ ಇತ್ತು. ಉಳಿದವರಂತೆ ಅವರಿಗೂ ಭತ್ತದ ಗದ್ದೆ ಸಿಕ್ಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ. ದಾದಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಬಿದಿರಿನ ಬುಟ್ಟಿ ಕಟ್ಟಿಕೊಂಡು ಬಂದು ಬಸ್ ನಿಲ್ದಾಣದ ಹಿಂದಿನ ಕಟ್ಟೆಯ ಮೇಲೆ ಮೀನು ಮಾರುತ್ತಿದ್ದರು. ನಮ್ಮ ಈಳಿಗೆಯಂಥದೇ ಒಂದು ದೊಡ್ಡ ಬಾಗಿದ ಅಲಗನ್ನು ಕಾಲಬೆರಳಲ್ಲಿ ಒತ್ತಿ ನಿಲ್ಲಿಸಿ, ಎರಡೂ ಕೈಯಿಂದ ಮೀನನ್ನೇ ಅಲಗಿನತ್ತ ತಳ್ಳುತ್ತಿದ್ದರು. ಅಲಗು ಅಲ್ಲಾಡುತ್ತಿರಲಿಲ್ಲ. ನಲವತ್ತೈದು ದಾಟಿದ ಸಣಕಲು ಮೈ, ಉದ್ದ ತೋಳು, ಬಲ ಭುಜದ ಮೇಲೆ ಅಂಗೈಯಗಲದ ಹಳೆಯ ಸುಟ್ಟ ಕಲೆ. ಕನ್ನಡವನ್ನು ಅವರು ಕಲಿತದ್ದು ಪಕ್ಕದಲ್ಲಿ ಸೊಪ್ಪು, ಮೆಣಸಿನಕಾಯಿ ಮಾರುವ ಹೆಂಗಸರಿಂದ. ಹಾಗಾಗಿ ಆಶ್ಚರ್ಯವಾದರೆ "ಅಯ್ಯ ನನ್ನವ್ವ!" ಎಂದು ಗಲ್ಲಕ್ಕೆ ಕೈ ಹಚ್ಚುತ್ತಿದ್ದರು. ಆ ಹೆಂಗಸರು ನಕ್ಕು ನಕ್ಕು ಬೀಳುತ್ತಿದ್ದರು. ದಾದಾ ತಿದ್ದಿಕೊಳ್ಳಲಿಲ್ಲ.

ನಾನು ಕಟ್ಟೆಯ ಮುಂದೆ ನಿಂತ ಆ ಮೊದಲ ದಿನ ಅವರು ನನ್ನ ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ ತೆಲುಗಿನಲ್ಲಿ "ರಂಡಿ ಬಾಬು", ಬನ್ನಿ ಸ್ವಾಮಿ, ಎಂದರು.

"ನಾನು ತೆಲುಗಿನವನಲ್ಲ" ಎಂದೆ.

"ಅಯ್ಯ ನನ್ನವ್ವ! ಇಸ್ತ್ರಿ ಅಂಗಿ, ಕೈಯಾಗ ಚತ್ರಿ. ಕಾಲುವಿ ಮ್ಯಾಲಿನ ಆಂಧ್ರದ ರೈತ ಅಂದ್ಕೊಂಡ್ನಿ. ಎಲ್ಲಿಯವ್ರಿ ನೀವು?"

"ಪಾಮನಕಲ್ಲೂರು."

"ಅಲ್ಲಿಯವ್ರು ಮೀನು ತಿನ್ನಂಗಿಲ್ಲಲ್ರಿ. ಹಂಗಾರ ನೀವು ಬರೇ ನೋಡಾಕ ಬಂದೀರಿ."

ನಿಜವಾಗಿತ್ತು. ಒಣಬೇಸಾಯದ ನಮ್ಮೂರಲ್ಲಿ ಮೀನು ಎಂದರೆ ಶಾಲೆಯ ಪುಸ್ತಕದ ಚಿತ್ರ. ಧಾರವಾಡದಲ್ಲಿ ಐದು ವರ್ಷ ಓದಿ ಬಂದಿದ್ದ ನನಗೆ ಸಿಂಧನೂರಿನಲ್ಲಿ ಗೆಳೆಯರಿರಲಿಲ್ಲ. ಒಂದು ಬಾಡಿಗೆ ಕೋಣೆ, ಒಂದು ಸ್ಟೋವು, ಒಂದು ಟ್ರಂಕು ಪುಸ್ತಕ. ಪಾಠ ಮುಗಿದ ಮೇಲೆ ಕಾಲು ತಾನಾಗಿಯೇ ಬಸ್ ನಿಲ್ದಾಣದ ಕಡೆ ಹೋಗುತ್ತಿತ್ತು. ಎಲ್ಲಿಗೂ ಹೋಗದವನು ಹೋಗಿ ನಿಲ್ಲಬಹುದಾದ ಜಾಗ ಅದೊಂದೇ.

ಅವರು ಗಿರಾಕಿಯನ್ನು ಕೂಗಿ ಕರೆಯುತ್ತಿರಲಿಲ್ಲ. ಬರುವವರನ್ನು ದೂರದಿಂದಲೇ ಓದಿ, ಅವರು ಬಾಯಿ ತೆರೆಯುವ ಮೊದಲೇ ಅವರ ಮಾತಿನಲ್ಲಿ ಮಾತಾಡಿಸುತ್ತಿದ್ದರು. ಕಾಲುವೆ ಸೀಮೆಗೆ ಬಂದು ನೆಲೆಸಿದ ಆಂಧ್ರದ ರೈತರಿಗೆ ತೆಲುಗು, ಸಾಬರಿಗೆ ದಖನಿ, ಬಳಗಾನೂರಿನ ಹೊಲದ ಕೆಲಸದವರಿಗೆ ಕನ್ನಡ, ಲಾರಿ ನಿಲ್ಲಿಸಿ ಇಳಿಯುವ ಪಂಜಾಬಿನ ಡ್ರೈವರನಿಗೆ ಹಿಂದಿ. ಇದೇಕೆ ಹೀಗೆ ಎಂದು ಕೇಳಿದ್ದೇ ನನ್ನ ಮೊದಲ ಪ್ರಶ್ನೆ. ಉತ್ತರವಾಗಿ ಅವರು ಮಾತಿನಲ್ಲೇ ನನ್ನನ್ನು ಒಂದು ಬಂದರಿಗೆ ಕರೆದುಕೊಂಡು ಹೋದರು.

ಹುಡುಗರಾಗಿದ್ದಾಗಿನಿಂದ ಅವರೂ ಅವರ ತಮ್ಮನೂ ಒಂದು ಸಣ್ಣ ದೋಣಿಯಲ್ಲಿ ಮೊಟ್ಟೆ, ಕೋಳಿ, ಬಾಳೆಹಣ್ಣು ತುಂಬಿಕೊಂಡು ಹೋಗಿ ಹಡಗಿನ ಜನರಿಗೆ ಮಾರುತ್ತಿದ್ದರಂತೆ. ಅಂಥ ದೋಣಿಗಳು ಹತ್ತಾರು. ಹಡಗಿನ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಯಾರ ದೋಣಿಗೆ ಇಳಿಬಿಟ್ಟರೆ ಅವರದೇ ವ್ಯಾಪಾರ. ಮೇಲಿರುವವನ ಮಾತಿನಲ್ಲಿ ಯಾರು ಮೊದಲು ನಮಸ್ಕಾರ ಹೇಳುತ್ತಾರೋ ಅವರ ದೋಣಿಗೆ ಬುಟ್ಟಿ ಇಳಿಯುತ್ತಿತ್ತು. ಅದಕ್ಕೆ ಹಡಗಿನ ಹಿಂಭಾಗದ ಬಾವುಟ ನೋಡಬೇಕು. ಚೀನಾದವರು, ಗ್ರೀಸಿನವರು, ಪಠಾಣರು, ಜಪಾನಿನವರು, ಎಲ್ಲರ ನಮಸ್ಕಾರವೂ ಅವರಿಗೆ ಬರುತ್ತಿತ್ತು. ನಮಸ್ಕಾರ, ಮೊಟ್ಟೆ, ತಾಜಾ, ಇಷ್ಟೇ. ಅದಕ್ಕಿಂತ ಮುಂದೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

"ಒಮ್ಮಿ ಬಾವುಟ ಒದ್ದಿ ಆಗಿ ಸುತ್ಕೊಂಡಿತ್ರಿ ಮಾಸ್ತರ್. ಬಣ್ಣ ಸರಿ ಕಾಣ್ಲಿಲ್ಲ. ನಾ ಮತ್ತೊಂದು ದೇಶದ ನಮಸ್ಕಾರ ಹೊಡದ್ನಿ. ಆ ದೇಶಕ್ಕೂ ಇವ್ರಿಗೂ ಹಿಂದ ಲಡಾಯಿ ಆಗಿತ್ತಂತ. ಅಡಿಗಿಯವ ಮ್ಯಾಲಿಂದ ಕುದಿಯೋ ಗಂಜಿ ಸುರುವಿದ." ಅವರು ಭುಜ ತೋರಿಸಿದರು.

ಸುಟ್ಟ ಕಲೆ ನಿಜ. ಆದರೆ ಸುಟ್ಟ ಕಲೆ ಮನೆಯ ಒಲೆಯಿಂದಲೂ ಆಗುತ್ತದೆ. ನಾನು ಮನಸ್ಸಿನಲ್ಲಿ ಹಾಗೆ ಗುರುತು ಹಾಕಿಕೊಂಡೆ.

ಮಧ್ಯಾಹ್ನ ಮೀನು ಮುಗಿದ ಮೇಲೆ ಅವರು ಎದುರಿನ ಚಾದ ಅಂಗಡಿಗೆ ಬರುತ್ತಿದ್ದರು. ಅಂಗಡಿಯ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರ ಅಜ್ಜ ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ಕುದುರೆ ಲಾಯಕ್ಕೆ ಕೆಲಸಕ್ಕೆ ಬಂದವರಂತೆ. ಚಾಚಾ ಕನ್ನಡದ ನಡುವೆ ದಖನಿ ಬೆರೆಸಿ ಮಾತಾಡುತ್ತಿದ್ದರು.

"ಬಂದ್ಯಾ ಬಂಗಾಲಿ? ಇವತ್ತ ಯಾವ ದೇಶದ ಹಡಗ ಬಂದೈತಿ? ರಾಯಚೂರಿಂದಾ ಏನ್ ಗಂಗಾವತಿಯಿಂದಾ?"

"ಇದೂ ಬಂದರನಾ ಐತಿ ಚಾಚಾ. ನಿಮಗ ಗೊತ್ತಾಗವಲ್ದು. ಯಾರು ಈ ಊರಾಗ ಹುಟ್ಟಿದವ್ರು ಅದಾರ ಹೇಳ್ರಿ. ಎಲ್ಲಾರೂ ಇಳದವ್ರನಾ."

"ಅರೇ, ಮೈ ಯಹೀಂಚ್ ಪೈದಾ ಹುವಾ ರೇ!" ಚಾಚಾ ಎದೆ ತಟ್ಟಿಕೊಂಡರು. "ನಮ್ಮಪ್ಪನೂ ಇಲ್ಲೇ. ನೀ ನನ್ನ ಯಾವ ಹಡಗದಾಗ ಹತ್ತಸಾಕ ಬಂದಿ?"

"ನಿಮ್ಮಜ್ಜ ಕುದರಿ ಮ್ಯಾಲ ಬಂದಾನ. ಕುದರೀನೂ ಹಡಗನಾ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವರು ನಗಿಸಲು ಹೇಳಿದ್ದೋ ನಿಜವಾಗಿ ಹೇಳಿದ್ದೋ ನನಗೆ ಗೊತ್ತಾಗಲಿಲ್ಲ. ಆದರೆ ಆ ನಗುವಿನ ನಡುವೆ ಅವರ ಮುಖ ಬೇರೆಲ್ಲೋ ಇತ್ತೆಂಬುದು ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿರುವುದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ ಎಂಬುದು ಬೇರೆ ಮಾತು.

ಅವರ ಬಂದರಿನ ಕಥೆಯನ್ನು ಯಾರೂ ನಂಬುತ್ತಿರಲಿಲ್ಲ. ನಮ್ಮವರು ಬಿಡಿ, ಅವರ ಕ್ಯಾಂಪಿನವರೂ ಅಷ್ಟಕ್ಕಷ್ಟೇ. ಅವರೆಲ್ಲ ಒಳನಾಡಿನ ಹಳ್ಳಿಗಳ ರೈತರು. ಭತ್ತ ಬಲ್ಲವರು, ಸೆಣಬು ಬಲ್ಲವರು, ದೊಡ್ಡ ಹಡಗು ಕಂಡವರಲ್ಲ. ಹೆಂಡತಿಯನ್ನು ಅವರು ಮದುವೆಯಾದದ್ದು ದೇಶ ಬಿಟ್ಟು ಬಂದ ಮೇಲೆ, ದಾರಿಯಲ್ಲಿ ಮಧ್ಯಪ್ರದೇಶದ ನಿರಾಶ್ರಿತರ ಶಿಬಿರದಲ್ಲಿ. ಆಕೆಯೂ ಆ ಬಂದರನ್ನು ನೋಡಿರಲಿಲ್ಲ. ಮಕ್ಕಳಿಗೆ ಹಡಗೆಂದರೆ ಕಾಗದದ್ದು. ಇಷ್ಟೊಂದು ಭಾಷೆ ಬಲ್ಲ ಆ ಮನುಷ್ಯನಿಗೆ, "ಹೌದು, ನಾನೂ ನೋಡಿದ್ದೇನೆ" ಎನ್ನುವ ಒಬ್ಬರೂ ಇನ್ನೂರು ಮೈಲಿ ಸುತ್ತಿನಲ್ಲಿ ಇರಲಿಲ್ಲ.

ಒಂದು ಸಂಜೆ ನಾವಿಬ್ಬರೂ ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಅವರು ನಿಂತು ನೀರನ್ನೇ ನೋಡಿದರು.

"ಈ ನೀರು ಬರೇ ಹೋಗತೈತ್ರಿ ಮಾಸ್ತರ್. ತಿರುಗಿ ಬರಂಗಿಲ್ಲ. ನಮ್ಮ ಕಡಿ ಹೊಳಿ ದಿನಕ್ಕ ಎರಡು ಸಲ ಸಮುದ್ರದ ಕಡಿ ಹೋಗತೈತಿ, ಎರಡು ಸಲ ತಿರುಗಿ ಬರತೈತಿ. ಮುಂಜಾನಿ ಕೈ ಬಿಟ್ಟ ಕಟಿಗಿ ಸಂಜಿಗಿ ಮನಿ ಮುಂದ ಬಂದಿರತಿತ್ತು."

ದೇಶ ಬಿಟ್ಟು ಇಪ್ಪತ್ತು ವರ್ಷವಾದರೂ ಅವರಿಗೆ ಕಾಲುವೆಯ ನೀರಿನ ಮೇಲೆ ಅದೊಂದು ಅಸಮಾಧಾನ ಉಳಿದಿತ್ತು.

ನಾನು ಇತಿಹಾಸ ಓದಿದವನು. ಸಾಕ್ಷಿ ಕೇಳುವುದು ನನಗೆ ಕಲಿಸಿದ್ದ ವಿದ್ಯೆ. ಆ ವಿದ್ಯೆಯನ್ನು ತೋರಿಸಲು ಸಿಂಧನೂರಿನಲ್ಲಿ ಬೇರೆ ಯಾರೂ ಸಿಗದಿದ್ದಕ್ಕೆ ಅವರ ಮೇಲೆ ತೋರಿಸಿದೆ. ಒಂದು ದಿನ ಚಾಚಾರ ಅಂಗಡಿಯಲ್ಲಿ, ಐದಾರು ಜನರ ಎದುರಿಗೆ, ಲೋಟ ಕೆಳಗಿಟ್ಟು ಕೇಳಿದೆ:

"ದಾದಾ, ಹಡಗು ಬಂದು ಕಟ್ಟೆಗೆ ಹತ್ತಿ ನಿಲ್ಲತಾವಲ್ಲ, ನೀವು ದೋಣಿಯಾಗ ಯಾಕ ಹೋಗಬೇಕು? ಕಟ್ಟೆ ಮ್ಯಾಲ ನಿಂತು ಮೊಟ್ಟೆ ಮಾರಬಹುದಲ್ಲ?"

"ಕಟ್ಟಿ ಇಲ್ರೀ ನಮ್ಮ ಬಂದರಕ್ಕ. ಹಡಗು ದಂಡಿಗಿ ಬರಂಗಿಲ್ಲ. ನಡುನೀರಾಗ ನಿಂದ್ರತಾವ. ಮಾಲೆಲ್ಲ ದೋಣಿಯಾಗ ಹೋಗತೈತಿ."

"ಕಟ್ಟೆ ಇಲ್ಲದ ಬಂದರು!" ನಾನು ಸುತ್ತ ನೋಡಿದೆ. "ಬಾಗಿಲ ಇಲ್ಲದ ಮನಿ ಇದ್ದಂಗಾತು. ಬಂದರು ಅಂತ ಹ್ಯಾಂಗ ಕರೀತೀರಿ ಅದನ್ನ?"

ಚಾಚಾ ಚಾ ಸೋಸುತ್ತ ಹೇಳಿದರು: "ಸಿಕ್ಕೊಂಡ್ಯೋ ಬಂಗಾಲಿ. ಮಾಸ್ತರ್ ಸಾಬ್ ಅಂದ್ರ ವಕೀಲ್ ಸಾಬ್."

ಎಲ್ಲರೂ ನಕ್ಕರು. ಅವರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಅದು ಅಂದೇ ಆಯಿತೋ ಬೇರೊಂದು ದಿನವೋ. ಅರ್ಧ ಉಳಿದ ಚಾ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಒಂದು ಭಾನುವಾರ, ಸಮಾಧಾನಕ್ಕೋ ಏನೋ, ಅವರನ್ನು ಮಸ್ಕಿಗೆ ಕರೆದುಕೊಂಡು ಹೋದೆ. ಗುಡ್ಡದ ಬಂಡೆಯ ಮೇಲಿನ ಶಾಸನ ತೋರಿಸಿದೆ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವರಿಗೆ ಪ್ರಿಯನಾದವನು ಎಂಬ ಬಿರುದಷ್ಟೇ ಇತ್ತು, ಆ ರಾಜ ಯಾರೆಂಬುದು ಖಚಿತವಿರಲಿಲ್ಲ, ಈ ಕಲ್ಲಿನಲ್ಲಿ ಅಶೋಕ ಎಂಬ ಹೆಸರು ಸಿಕ್ಕಿತು, ಆಗ ಪಂಡಿತರ ಅನುಮಾನ ಹೋಯಿತು ಎಂದು ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಅವರು ಬಂಡೆಯನ್ನು ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದರು.

"ಈ ಕಲ್ಲು ಸಿಗೋತನಕ ಅವ ಇದ್ದಿದ್ದಿಲ್ಲೇನ್ರಿ ಮಾಸ್ತರ್?"

"ಇದ್ದ. ಆದ್ರ ನಮಗೆ ಗೊತ್ತಿರಲಿಲ್ಲ."

"ಅವನಿಗಿ ಗೊತ್ತಿತ್ತಲ್ಲ" ಎಂದರು.

ಕಾಗದದ ಮಾತು ಬಂದದ್ದು ಅದಾದ ಕೆಲವು ತಿಂಗಳಿಗೆ. ಅಷ್ಟು ದಿನದ ಪರಿಚಯದಲ್ಲಿ ತಮ್ಮನ ಬಗ್ಗೆ ಅವರು ಹೇಳಿದ್ದು ದೋಣಿಯ ಕಥೆಗಳು ಮಾತ್ರ. ಈಗ ಉಳಿದದ್ದನ್ನು ಹೇಳಿದರು. ಅರವತ್ತನಾಲ್ಕರ ಗಲಭೆಯ ವರ್ಷ ಮನೆಯವರೆಲ್ಲ ಹೊರಟಾಗ ತಮ್ಮ ಹಿಂದೆ ನಿಂತನಂತೆ. ಹದಿನೆಂಟು ವರ್ಷದವನು. "ದೋಣಿ ಯಾರಿಗಾರ ಒಪ್ಪಿಸಿ ಎಂಟು ದಿನದಾಗ ಬರತೀನಿ, ನೀವು ನಡೀರಿ" ಅಂದನಂತೆ. ಎಂಟು ದಿನ ಆಗ ಇಪ್ಪತ್ತೆರಡು ವರ್ಷವಾಗಿತ್ತು. ಊರಿನ ವಿಳಾಸಕ್ಕೆ ಬರೆದ ಕಾಗದಗಳಿಗೆ ಉತ್ತರವಿಲ್ಲ. ಆ ಊರಿನಲ್ಲಿ ಅವರನ್ನು ಬಲ್ಲವರು ಉಳಿದೇ ಇರಲಿಲ್ಲ. ಬಂದರಿನಲ್ಲಿ ದೋಣಿಗಳು ನಿಲ್ಲುವ ಘಾಟಿನ ಹತ್ತಿರ ಇವರಿಗೆ ಮೊಟ್ಟೆ ಕೊಡುತ್ತಿದ್ದ ಒಬ್ಬ ಮುಸಲ್ಮಾನ ಅಂಗಡಿಕಾರರಿದ್ದರು, ತಂದೆಯ ಗೆಳೆಯರು. ತಮ್ಮ ಬದುಕಿದ್ದರೆ ಅವರಿಗೆ ಗೊತ್ತಿರುತ್ತದೆ. ಸತ್ತಿದ್ದರೂ ಗೊತ್ತಿರುತ್ತದೆ.

"ಇಷ್ಟು ವರ್ಷ ಯಾಕ ಬರೀಲಿಲ್ಲ ಅವರಿಗೆ?"

"ಅಂಜಿಕಿ ರೀ. ಕೇಳಿದ್ರ ಹೇಳೇಬಿಡ್ತಾರಲ್ಲ."

ಒಳಗಿನ ಕಾಗದವನ್ನು ಕ್ಯಾಂಪಿನ ಯಾರಿಂದಲೋ ಬಂಗಾಲಿಯಲ್ಲಿ ಬರೆಸಿ ತಂದಿದ್ದರು. ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ ನಾನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಪರದೇಶದ ಹಡಗು ಬರುವ ಬಂದರಿನ ಅಂಚೆಯವರಿಗೆ ಇಂಗ್ಲಿಷು ಬೇಗ ಓದಲು ಬರುತ್ತದೆ ಎಂಬುದು ಅವರ ಲೆಕ್ಕ. ಕಾಲೇಜಿನವನ ಅಕ್ಷರಕ್ಕೆ ಮರ್ಯಾದೆ ಹೆಚ್ಚು ಎಂಬುದು ಇನ್ನೊಂದು. ಅವರು ಹೇಳುತ್ತ ಹೋದರು, ನಾನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಗುರುತು ಹಾಕಿಕೊಂಡೆ. ಅಂಗಡಿಕಾರರ ಹೆಸರು. ಮೊಟ್ಟೆ ಅಂಗಡಿ, ಘಾಟಿನ ಹತ್ತಿರ. ಮಂಗ್ಲಾ. ಚಾಲ್ನಾ ಬಂದರು. ಜಿಲ್ಲಾ ಖುಲ್ನಾ.

"ಮಂಗ್ಲಾ ಅಂದ್ರ ಏನು?"

"ಊರು ರೀ. ಬಂದರ ಇರೋದು ಅಲ್ಲೇ."

"ಮತ್ತ ಚಾಲ್ನಾ?"

"ಅದು ಬಂದರದ ಹೆಸರು. ಚಾಲ್ನಾ ಊರು ಬ್ಯಾರೆ. ಹೊಳಿ ಮ್ಯಾಲಕ್ಕ ಐತಿ. ಮೊದಲ ಹಡಗು ಅಲ್ಲೇ ನಿಂದ್ರತಿದ್ವು, ಆಮ್ಯಾಲ ಎಲ್ಲಾ ಕೆಳಗ ಮಂಗ್ಲಾಕ್ಕ ಬಂದ್ವು. ಒಂದು ಇಳಿತದ ದೂರ."

"ಇಳಿತದ ದೂರ ಅಂದ್ರ ಎಷ್ಟು ಮೈಲಿ?"

"ಮೈಲಿ ನಾವು ಅಳೀಲಿಲ್ರಿ. ನೀರು ಇಳಿಯಾಕ ಹತ್ತಿದಾಗ ಬಿಟ್ರ, ಅದು ನಿಂದ್ರೋದ್ರಾಗ ಮುಟ್ಟತಿದ್ವಿ."

"ಬಂದರು ಇಲ್ಲಿ, ಹೆಸರಿನ ಊರು ಅಲ್ಲಿ! ಹೆಸರು ಯಾಕ ಬದಲ್ ಮಾಡ್ಲಿಲ್ಲ?"

"ನಮ್ಮ ಕ್ಯಾಂಪಿಗಿ ಹೆಸರ ಇಡದ ನಂಬರ ಯಾಕ ಹೊಡದಾರ? ಯಾರನ್ನ ಕೇಳ್ತೀರಿ, ಹೇಳ್ರಿ."

ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿದ್ದ ಹಳೆಯ ಭೂಪಟದ ಪುಸ್ತಕ ತೆಗೆದೆ. ಚಾಲ್ನಾ ಇತ್ತು. ಅದರ ಪಕ್ಕದಲ್ಲೇ ಬಂದರೆಂದು ತೋರಿಸುವ ಸಣ್ಣ ಲಂಗರಿನ ಗುರುತೂ ಇತ್ತು. ಮಂಗ್ಲಾ ಎಲ್ಲಿಯೂ ಇರಲಿಲ್ಲ. ನದಿಯ ಗೆರೆಯ ಮೇಲೆ ಬೆರಳಿಟ್ಟು ಸಮುದ್ರದವರೆಗೂ ಹುಡುಕಿದೆ. ನನಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮನುಷ್ಯನ ತಲೆಯಲ್ಲಿ ಎರಡು ಊರು ಕಲಸಿ ಹೋಗಿವೆ, ಮುದ್ರಿತ ಭೂಪಟ ಕಲಸಿಕೊಳ್ಳುವುದಿಲ್ಲ ಎಂದುಕೊಂಡೆ. ಆ ಗೊಂದಲದ ಸಾಲಿನಿಂದ ಅಂಚೆಯವನು ದಾರಿ ತಪ್ಪಬಾರದೆಂದು ಅದನ್ನು ಬಿಟ್ಟೆ. ಕಟ್ಟೆಯೇ ಇಲ್ಲದ ಬಂದರೆಂಬ ಮಾತನ್ನೂ ಬಿಟ್ಟೆ. ಅಂಗಡಿಕಾರರ ಹೆಸರು, ಮೊಟ್ಟೆ ಅಂಗಡಿ, ಗ್ರಾಮ ಚಾಲ್ನಾ, ಜಿಲ್ಲೆ ಖುಲ್ನಾ, ಬಾಂಗ್ಲಾದೇಶ. ದುಂಡಗೆ, ಅಂದವಾಗಿ ಬರೆದೆ. ಉತ್ತರಕ್ಕೆ ನನ್ನ ಕಾಲೇಜಿನ ವಿಳಾಸ ಕೊಟ್ಟೆ.

ಲಕೋಟೆಯನ್ನು ಅವರು ಎರಡೂ ಅಂಗೈಯಲ್ಲಿ ಹಿಡಿದು ನೋಡಿದರು. ಇಂಗ್ಲಿಷು ಓದಲು ಬರುತ್ತಿರಲಿಲ್ಲ. "ಎಲ್ಲಾ ಬರದೀರಲ್ರಿ?" ಎಂದು ಕೇಳಿದರೆಂದು ನನಗೆ ನೆನಪು. "ಸರಿ ಮಾಡಿ ಬರದೀನಿ" ಎಂದೆನೆಂದೂ ನೆನಪು. ಅವರು ಅದನ್ನು ಅಂಚೆ ಡಬ್ಬಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಗೆ ಕಿವಿ ಹಚ್ಚಿದರು.

ಆ ವಾರವೇ ಅವರ ಮನೆಗೆ ಊಟಕ್ಕೆ ಕರೆದರು. ಮಣ್ಣಿನ ಗೋಡೆಯ ಎರಡು ಕೋಣೆಯ ಮನೆ, ಸಗಣಿ ಸಾರಿಸಿದ ಅಂಗಳ, ಬೇಲಿಗೆ ಹಬ್ಬಿದ ಸೋರೆ ಬಳ್ಳಿ. ಅವರ ಹೆಂಡತಿಗೆ ಕನ್ನಡ ಹೆಚ್ಚು ಬರುತ್ತಿರಲಿಲ್ಲ. ಸೆರಗು ಹಣೆಯ ಮೇಲೆ ಎಳೆದುಕೊಂಡು ಬಡಿಸಿದರು. ಅನ್ನ, ಬೇಳೆ, ಆಮೇಲೆ ನನ್ನ ತಾಟಿಗೆ ಒಂದು ಇಡೀ ಮೀನಿನ ತಲೆ. ಕಣ್ಣು ತೆರೆದುಕೊಂಡೇ ಇತ್ತು.

ಪೇಟೆಯಲ್ಲಿ ನಮ್ಮ ಜನ "ತಲಿ ತಗದು ಕೊಡ್ರಿ" ಎಂದಾಗ ಅವರು ತಲೆಯಾಡಿಸಿ ನಗುತ್ತಿದ್ದುದನ್ನು ನೋಡಿದ್ದೆ. ಅದರ ಬೆಲೆ ನನಗೆ ಗೊತ್ತಿರಲಿಲ್ಲ. ಆಗಷ್ಟೇ ಮೀನು ತಿನ್ನಲು ಕಲಿತಿದ್ದ ನಾನು ಆ ಕಣ್ಣನ್ನು ನೋಡಲಾರದೆ ತಲೆಯನ್ನು ತಾಟಿನ ಅಂಚಿಗೆ ಸರಿಸಿದೆ. ಆಕೆ ನೋಡಿದರು. ಒಳಗೆ ಹೋದರು.

"ಬಿಡ್ರಿ, ರೂಢಿ ಇಲ್ಲ ನಿಮಗ" ಎಂದು ಅವರು ನಕ್ಕರು. ಕೈ ತೊಳೆಯುವಾಗ ಹೇಳಿದರು: "ತಲಿ ಅಂದ್ರ ಮನ್ಯಾಗ ಯಾರ ಮ್ಯಾಲ ಮಾಯೆ ಜಾಸ್ತಿ ಅವರಿಗೆ ಇಡೋದು. ನಮ್ಮ ಮನ್ಯಾಗ ತಮ್ಮಂದು. ಅವ ಬರೋತನಕ ನಾ ತಿನ್ನಂಗಿಲ್ಲ, ಹುಡುಗ್ರು ತಿಂತಾವ. ಇವತ್ತ ಇಕೀನ ಅಂದ್ಲು, ಕಾಗದ ಬರದ ಮಾಸ್ತರಿಗೆ ಕೊಡೂಣು ಅಂತ."

ಆಕೆ ಆ ಮೈದುನನನ್ನು ಒಮ್ಮೆಯೂ ಕಂಡವರಲ್ಲ.

ಉತ್ತರಕ್ಕಾಗಿ ಅವರು ಕಾದದ್ದು ಹೇಗೆಂದು ನನಗೆ ಗೊತ್ತು, ಏಕೆಂದರೆ ನಾನು ಅದನ್ನು ತಪ್ಪಿಸಿಕೊಂಡು ಓಡಾಡಿದೆ. ಮೊದಮೊದಲು ನನ್ನನ್ನು ಕಂಡ ಕೂಡಲೇ "ಬಂತೇನ್ರಿ?" ಎನ್ನುತ್ತಿದ್ದರು. ಆಮೇಲೆ ಹುಬ್ಬು ಮಾತ್ರ ಏರಿಸುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ವರ್ಷ ತಿರುಗಿದ ಮೇಲೆ ಹುಬ್ಬೂ ಏರಲಿಲ್ಲ. ಕಾಗದ ಮರಳಿಯೂ ಬರಲಿಲ್ಲ.

"ತಮ್ಮ ಹೋಗ್ಯಾನ ಅಂತ ಕಾಣತೈತಿ ಮಾಸ್ತರ್" ಎಂದು ಒಂದು ದಿನ ಮೀನಿನ ಪರೆ ತೆಗೆಯುತ್ತಲೇ ಹೇಳಿದರು. "ಅಂಗಡಿಯವ್ರಿಗಿ ಕಾಗದ ಮುಟ್ಟಿರತೈತಿ. ಹ್ಯಾಂಗ ಬರೀಬೇಕು ಅಂತ ಸುಮ್ಮನಾಗ್ಯಾರ. ಕೆಟ್ಟ ಸುದ್ದಿ ಬರಿಯಾಕ ಕೈ ಏಳಂಗಿಲ್ಲ."

ಆಗ ನಾನು ಬಾಯಿ ಬಿಡಬೇಕಿತ್ತು. ಕಾಗದ ಮುಟ್ಟದೆಯೂ ಇರಬಹುದು, ನಾನು ಒಂದು ಸಾಲು ಬಿಟ್ಟಿದ್ದೇನೆ, ಇನ್ನೊಂದು ಬರೆಯೋಣ ಎಂದು. ಆದರೆ ಭೂಪಟ ನನ್ನ ಕಡೆ ಇತ್ತು. ಅವರದು ತಪ್ಪು ನೆನಪೆಂದು ನಾನು ಆಗಲೂ ನಂಬಿದ್ದೆ. ಆ ಮಾತಾದ ಮೇಲೆ ಅವರು ಗಿರಾಕಿಗಳನ್ನು ಅವರವರ ಭಾಷೆಯಲ್ಲಿ ಮಾತಾಡಿಸುವುದನ್ನು ನಿಲ್ಲಿಸಿದರು. ಬಂದವರು ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟು ಕತ್ತರಿಸುತ್ತಿದ್ದರು. ನನಗೆ ಹಾಗೆ ಕಂಡಿತೋ ನಿಜವಾಗಿ ಹಾಗಾಯಿತೋ ಎಂದು ಚಾಚಾರನ್ನು ಕೇಳಿದ್ದೆ. "ಹೌ, ಹಡಗ ಬರೋದ ಬಂದ್ ಆಗ್ಯಾವ ಅವಂದು" ಎಂದರು. ಆ ಸಲ ಯಾರೂ ನಗಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಹೊರಡುವ ದಿನ ಅವರು ಬಸ್ಸಿನ ಹತ್ತಿರ ಬಂದಿದ್ದರು. ಇಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಕಿಟಕಿಯಿಂದ ಬಗ್ಗಿ, "ದಾದಾ, ಆ ವಿಳಾಸದಾಗ ಮಂಗ್ಲಾ ಬರೀಲಿಲ್ಲ ನಾನು" ಎನ್ನುತ್ತೇನೆ. ಬಸ್ಸು ಶುರುವಾದ ಸದ್ದಿಗೆ ಅವರು ಕಿವಿಗೆ ಕೈ ಹಚ್ಚುತ್ತಾರೆ. ಇನ್ನೊಂದರಲ್ಲಿ ನಾನು "ಆರೋಗ್ಯ ನೋಡಿಕೊಳ್ರಿ" ಎಂದಷ್ಟೇ ಹೇಳುತ್ತೇನೆ. ಮೊದಲನೆಯದು ನನಗೆ ಅನುಕೂಲವಾದ ನೆನಪು. ಆದ್ದರಿಂದ ಎರಡನೆಯದೇ ನಡೆದಿರಬೇಕು.

ಲಿಂಗಸುಗೂರಿನಲ್ಲಿ ಮೂರು ವರ್ಷ ಕಳೆಯಿತು. ಒಮ್ಮೆ ಬಸ್ಸು ಬದಲಿಸಲು ಸಿಂಧನೂರಿನಲ್ಲಿ ಇಳಿದಾಗ ಕಟ್ಟೆಯ ಮೇಲೆ ಬೇರೊಬ್ಬರು ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದರು. ಚಾಚಾ ಇನ್ನೂ ಇದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು.

"ನಿಮ್ಮ ದೋಸ್ತ ಹೋದ ಮಾಸ್ತರ್ ಸಾಬ್. ಶಿವರಾತ್ರಿ ಮುಂದ. ಎದಿ ಹಿಡಕೊಂಡು ಇದೇ ಬೆಂಚಿನ ಮ್ಯಾಲ ಕುಂತ, ದವಾಖಾನಿಗಿ ಒಯ್ಯೋದ್ರಾಗ ಮುಗೀತು."

"ಏನಾದ್ರೂ ಹೇಳಿದ್ರಾ?"

"ಹೇಳಿದ. ನನಗೇನ್ ತಿಳೀಬೇಕು, ಎಲ್ಲಾ ಬಂಗಾಲಿ ಮಾತು. ಮೂವತ್ತು ವರ್ಷದಾಗ ನನ್ನ ಮುಂದ ಒಮ್ಮಿನೂ ಅವ ತನ್ನ ಮಾತು ಆಡಿದ್ದಿಲ್ಲ."

ಮೂವತ್ತು ಎಂದದ್ದು ಚಾಚಾರ ಬಾಯಿತಪ್ಪು. ಅವರಿಬ್ಬರ ಪರಿಚಯಕ್ಕೆ ಅಷ್ಟು ವರ್ಷವಾಗಿರಲಿಲ್ಲ. ಅಂಥ ಹೊತ್ತಿನಲ್ಲೂ ನನ್ನ ತಲೆ ಅದನ್ನು ತಿದ್ದಿತು.

ಮುಂದಿನ ಬಸ್ಸು ಬಿಟ್ಟು ಕ್ಯಾಂಪಿಗೆ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಭತ್ತ ಹರವುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ನಾನು ಹುಡುಕಿಕೊಂಡು ಬಂದಿದ್ದ ಸಮಾಧಾನದ ಮಾತು ಬಾಯಿಗೆ ಬರುವ ಮೊದಲೇ ಆಕೆ ನನ್ನ ಕೈಯಲ್ಲಿದ್ದ ಚೀಲದ ಕಡೆ ನೋಡಿ ಒಂದೇ ಮಾತು ಕೇಳಿದರು.

"ಉತ್ತರ?"

ಇನ್ನೊಂದು ಕಾಗದ ಬರೆಯುತ್ತೇನೆ ಎಂದೆ. ಅಂಗಡಿಕಾರರ ಹೆಸರು ಕೇಳಿದೆ. ಆಕೆಗೆ ಗೊತ್ತಿರಲಿಲ್ಲ, ಗಂಡ ಅವರನ್ನು ಯಾವಾಗಲೂ ಚಾಚಾ ಎಂದೇ ಹೇಳುತ್ತಿದ್ದರಂತೆ. ಒಳಗಿನ ಕಾಗದ ಬರೆದುಕೊಟ್ಟವರು ಕ್ಯಾಂಪು ಬಿಟ್ಟು ಹೋಗಿದ್ದರು. ಮೈದುನನ ಹೆಸರಿಗೇ ಬರೆಯೋಣವೆಂದರೆ ಅವನಿಗೆ ಮನೆಯಿರಲಿಲ್ಲ, ಇದ್ದದ್ದು ದೋಣಿ. ಲಿಂಗಸುಗೂರಿಗೆ ಬಂದು ನನ್ನ ಕೋಣೆಯನ್ನೆಲ್ಲ ಜಾಲಾಡಿದೆ. ಆ ದಿನ ಗುರುತು ಹಾಕಿಕೊಂಡ ಹಾಳೆ ಸಿಗಲಿಲ್ಲ. ನಾನೇ ದುಂಡಗೆ ಬರೆದ ಆ ಹೆಸರನ್ನು ನೆನಪಿಸಿಕೊಳ್ಳಲು ಇಂದಿಗೂ ಆಗಿಲ್ಲ. ಬರೆಯದೆ ಬಿಟ್ಟ ಸಾಲು ಮಾತ್ರ ಅಕ್ಷರ ಬಿಡದೆ ನೆನಪಿದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಧ್ಯಾಪಕರ ತರಬೇತಿಗೆಂದು ಧಾರವಾಡಕ್ಕೆ ಹೋದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಹಡಗು ನಡೆಸುವವರಿಗೆಂದು ಬರೆದ, ಬಂಗಾಲ ಕೊಲ್ಲಿಯ ಬಂದರುಗಳ ಕೈಪಿಡಿಯೊಂದು ಸಿಕ್ಕಿತು. ಕುದಿಯುವ ಗಂಜಿ ಸುರಿದ ಅಡಿಗೆಯವನ ಬಗ್ಗೆ ಅದರಲ್ಲಿ ಏನೂ ಇರುವುದು ಸಾಧ್ಯವಿಲ್ಲ. ಎಂಟು ದಿನದಲ್ಲಿ ಬರುತ್ತೇನೆಂದ ಹುಡುಗನ ಬಗ್ಗೆಯೂ ಇಲ್ಲ. ಪರೀಕ್ಷಿಸಲು ಸಾಧ್ಯವಿದ್ದದ್ದು ಒಂದೇ ಸಂಗತಿ. ಅದನ್ನು ಎರಡು ಸಲ ಓದಿ, ದಿನಾಂಕ ಹಾಕಿ ನಕಲು ಮಾಡಿಕೊಂಡೆ: ಚಾಲ್ನಾ ಬಂದರು ಚಾಲ್ನಾದಲ್ಲಿ ಇಲ್ಲ. ಪ್ರಾರಂಭವಾದ ಕೆಲವೇ ವರ್ಷಗಳಲ್ಲಿ ಅದನ್ನು ಹತ್ತು-ಹನ್ನೊಂದು ಮೈಲಿ ಕೆಳಗೆ, ಮಂಗ್ಲಾಕ್ಕೆ ಸಾಗಿಸಲಾಯಿತು. ಹಳೆಯ ಹೆಸರು ಹಾಗೆಯೇ ಉಳಿಯಿತು. ಹಡಗುಗಳು ಅಲ್ಲಿ ನಡುನೀರಿನಲ್ಲಿ ನಿಲ್ಲುತ್ತಿದ್ದವು.